ನಿಮಗಿದು ಗೊತ್ತೆ? ಕ್ರೂಸ್ ಕಂಟ್ರೋಲ್ ಕೊಟ್ಟವರಿಗೆ ಕಣ್ಣು ಕಾಣುತ್ತಿರಲಿಲ್ಲ!
ಕಾರಿನ ವೇಗ ಏರುಪೇರಾಗದಂತೆ ಕಾಯುವ ಕ್ರೂಸ್ ಕಂಟ್ರೋಲ್‌ಗೆ 1950ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್. ಐದನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡಿದ್ದವರು. ಅವರ ವಕೀಲ ಮಹಾಶಯ ಮಾತಾಡುವಾಗ ಕಾರನ್ನು ನಿಧಾನಿಸಿ, ಕೇಳಿಸಿಕೊಳ್ಳುವಾಗ ಜೋರಾಗಿ ಓಡಿಸುತ್ತಿದ್ದರಂತೆ. ಆ ಕುಲುಕಾಟ ಸಾಕಾಗಿಯೇ ಈ ಉಪಾಯ ಹೊಳೆಯಿತೆಂಬ ಕತೆಯಿದೆ. 1958ರಲ್ಲಿ ಇದು ಕ್ರೈಸ್ಲರ್ ಕಂಪನಿಯ ಕಾರುಗಳಿಗೆ ಬಂತು.

ಮುಂದಿನ ವಾಹನವನ್ನು ನೋಡಿಕೊಂಡು ತಾನೇ ವೇಗ ಹೊಂದಿಸಿಕೊಳ್ಳುವ ‘ಅಡಾಪ್ಟಿವ್’ ಬಗೆ 1990ರ ದಶಕದ್ದು. ಈಗ ಮಹೀಂದ್ರಾದ ಎಕ್ಸ್‌ಯುವಿ700ನಂಥ ನಮ್ಮ ಕಾರುಗಳಲ್ಲೂ ಇದೆ. ಅದು ಅಂತರವನ್ನು ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ಅಳೆಯುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಎಂದರೆ ಸುಮಾರು 56 ಮೀಟರ್. ಅಷ್ಟು ಜಾಗ ಖಾಲಿ ಕಂಡರೆ ನಮ್ಮ ರಸ್ತೆಗಳಲ್ಲಿ ಯಾರಾದರೂ ನುಗ್ಗದೆ ಬಿಡುತ್ತಾರೆಯೇ? ನುಗ್ಗಿದೊಡನೆ ಕಾರು ಬ್ರೇಕ್ ಹಾಕುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಹೆಚ್ಚು ಎಚ್ಚರ ಬೇಕಿರುವುದು ಕೆಟ್ಟು ನಿಂತ ಲಾರಿಗಳ ವಿಷಯದಲ್ಲಿ. ಮುಂದಿನ ವಾಹನವನ್ನು ಗುರುತಿಸಲು ಕಾರು ಕಳಿಸುವ ರಾಡಾರ್ ಅಲೆ ಸೇತುವೆ, ಫಲಕ, ತಡೆಬೇಲಿಗಳಿಂದಲೂ ಮರಳಿ ಬರುತ್ತದೆ. ಅವಕ್ಕೆಲ್ಲ ಬ್ರೇಕ್ ಬೀಳದಿರಲೆಂದು ಅನೇಕ ವ್ಯವಸ್ಥೆಗಳು ಅಲುಗಾಡದ ವಸ್ತುಗಳನ್ನು ಬಹುಮಟ್ಟಿಗೆ ಕಡೆಗಣಿಸುತ್ತವೆ. ವೇಗ ಹೆಚ್ಚಿದ್ದಾಗ ನಿಂತ ವಾಹನ ಗುರುತಿಗೆ ಸಿಗದಿರಬಹುದು ಎಂದು ಕಾರಿನ ಕೈಪಿಡಿಗಳಲ್ಲೇ ಬರೆದಿರುತ್ತದೆ. ನಾವು ಓದುವುದಿಲ್ಲ, ಅಷ್ಟೆ. ಇನ್ನು ಇಂಥ ಕಾರುಗಳಲ್ಲಿ ಜೊತೆಗೆ ಬರುವ, ಕಾರು ಲೇನ್ ಬಿಟ್ಟು ಹೋಗದಂತೆ ಕಾಯುವ ಸೌಲಭ್ಯಕ್ಕೆ ರಸ್ತೆಯ ಮೇಲೆ ಬಿಳಿ ಗೆರೆ ಕಾಣಬೇಕು. ಗೆರೆ ಮಾಸಿದ್ದರೆ ಅದು ಸುಮ್ಮನಾಗುತ್ತದೆ.