ಯಂತ್ರಗಳ ಸಂಭಾಷಣೆಯಲ್ಲಿ ನಿರಾಕರಣೆಯ ಉತ್ತರ

ಗುರುಗಳು ತರಗತಿಯಲ್ಲಿ ಪ್ರಶ್ನೆಯೊಂದನ್ನು ಕೇಳಿದಾಗ ಒಬ್ಬ ವಿದ್ಯಾರ್ಥಿಯು ಉತ್ತರ ಹೇಳುತ್ತಾನೆ; ಇನ್ನೊಬ್ಬನು ‘ತಿಳಿಯದು’ ಎನ್ನುತ್ತಾನೆ; ಮತ್ತೊಬ್ಬನು ಮೌನವಾಗಿರುತ್ತಾನೆ. ಮೂವರನ್ನೂ ಒಂದೇ ಬಗೆಯಾಗಿ ಎಣಿಸಿದರೆ ಪಾಠವು ಮುಂದೆ ಸಾಗದು. ಯಂತ್ರಗಳ ಸಂಭಾಷಣೆಯಲ್ಲಿಯೂ ಈ ವಿವೇಕವು ಅವಶ್ಯಕ.

ಅಮೆರಿಕದ ಮೋಡಿಕಾನ್ ಸಂಸ್ಥೆಯು 1979ರಲ್ಲಿ ಪ್ರಕಟಿಸಿದ ‘ಮಾಡ್‌ಬಸ್’ ಎಂಬ ಸಂವಹನ ನಿಯಮಾವಳಿಯು ಇಂದಿಗೂ ಕಾರ್ಖಾನೆಗಳಲ್ಲಿಯೂ ನೀರು ಸರಬರಾಜಿನ ವ್ಯವಸ್ಥೆಗಳಲ್ಲಿಯೂ ಬಳಕೆಯಲ್ಲಿದೆ. ಇದರಲ್ಲಿ ಕಂಪ್ಯೂಟರು ಪ್ರಶ್ನಿಸುತ್ತದೆ, ಉಪಕರಣವು ಉತ್ತರಿಸುತ್ತದೆ. ಈ ಮಾತುಕತೆಯನ್ನು ನಡೆಸುವ ತಂತ್ರಾಂಶಕ್ಕೆ ‘ಡ್ರೈವರ್’ ಎಂದು ಹೆಸರು.

ನೀರಿನ ತೊಟ್ಟಿಯ ಮಟ್ಟವನ್ನು ತಿಳಿಯಲು ಡ್ರೈವರು 3ನೆಯ ಸಂಖ್ಯೆಯ ಕಾರ್ಯವನ್ನು ಕೋರಿತೆಂದು ಭಾವಿಸೋಣ. ಒಂದೇ ತಂತಿಸಾಲಿನ ಮೇಲೆ ಬರುವ ಸಾಮಾನ್ಯ ಉತ್ತರದಲ್ಲಿ ಏಳು ಬೈಟುಗಳಿರುತ್ತವೆ: ಉಪಕರಣದ ವಿಳಾಸ, ಕಾರ್ಯಸಂಖ್ಯೆ 3, ಮಾಹಿತಿಯ ಅಳತೆ, ಮಟ್ಟವನ್ನು ತಿಳಿಸುವ ಎರಡು ಬೈಟು, ಕೊನೆಯಲ್ಲಿ ಸಂದೇಶವು ಕೆಡದೆ ಬಂದಿತೇ ಎಂದು ತಾಳೆ ನೋಡುವ ಎರಡು ಬೈಟು. ಉಪಕರಣವು ಕೋರಿಕೆಯನ್ನು ನಿರಾಕರಿಸಿದರೆ ಕಾರ್ಯಸಂಖ್ಯೆಗೆ 128ನ್ನು ಕೂಡಿಸಿ 131 ಎಂದು ಕಳುಹಿಸುತ್ತದೆ. ಬಳಿಕ ಕಾರಣದ ಸಂಖ್ಯೆ, ತಾಳೆಯ ಎರಡು ಬೈಟು. ಒಟ್ಟು ಐದೇ ಬೈಟು.

ಅಪಾಯವಿರುವುದು ಇಲ್ಲಿಯೇ. ಕಾರ್ಯಸಂಖ್ಯೆಯನ್ನು ಪರೀಕ್ಷಿಸದೆ ನಾಲ್ಕನೆಯ ಮತ್ತು ಐದನೆಯ ಬೈಟುಗಳನ್ನು ಓದುವ ಡ್ರೈವರು ತಾಳೆಯ ಬೈಟುಗಳನ್ನೇ ನೀರಿನ ಮಟ್ಟವೆಂದು ತಿಳಿಯುತ್ತದೆ. ಆ ಸುಳ್ಳು ಅಂಕಿಯನ್ನು ನಂಬಿ ಪಂಪು ನಡೆದರೆ ತೊಟ್ಟಿ ತುಂಬಿ ಹರಿಯಬಹುದು, ಇಲ್ಲವೇ ಬರಿದಾಗಬಹುದು.

ನಿರಾಕರಣೆಯನ್ನು ಗುರುತಿಸಿದ ಮೇಲೆ ಕಾರಣವನ್ನೂ ವಿವೇಚಿಸಬೇಕು. 1 ಎಂದರೆ ಆ ಕಾರ್ಯವು ಉಪಕರಣಕ್ಕೆ ತಿಳಿಯದು. 2 ಎಂದರೆ ಕೇಳಿದ ಮಾಹಿತಿಯ ಸ್ಥಾನವೇ ಅದರಲ್ಲಿಲ್ಲ. 3 ಎಂದರೆ ಕೋರಿಕೆಯಲ್ಲಿಯ ಮೌಲ್ಯವು ಸಲ್ಲದು. ಈ ಮೂರರಲ್ಲಿಯೂ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ವ್ಯರ್ಥ. 4 ಉಪಕರಣದ ವೈಫಲ್ಯವನ್ನು ಸೂಚಿಸುತ್ತದೆ. ಅದನ್ನು ಮೇಲ್ವಿಚಾರಕರಿಗೆ ತಿಳಿಸಬೇಕು. 5 ಬಂದರೆ ಕೋರಿಕೆಯನ್ನು ಒಪ್ಪಲಾಗಿದೆ, ಆದರೆ ಕಾಲಾವಕಾಶ ಬೇಕೆಂದರ್ಥ. 6 ಬಂದರೆ ಉಪಕರಣವು ಬೇರೊಂದು ಕೆಲಸದಲ್ಲಿದೆ. ಕೆಲಕಾಲ ತಾಳಿ ಮರಳಿ ಕೇಳುವುದು ಯುಕ್ತ.

ಮೌನದ ಅರ್ಥವೂ ಒಂದೇ ಅಲ್ಲ. ಕೆಟ್ಟುಹೋಗಿ ತಲುಪಿದ ಕೋರಿಕೆಗೆ ಉಪಕರಣವು ಉತ್ತರಿಸುವುದಿಲ್ಲ. ಆಗ ನಿಯಮಿತ ಅವಧಿಯವರೆಗೆ ಕಾದು ಪುನಃ ಕೇಳಬೇಕು. ಆದರೆ 0 ವಿಳಾಸಕ್ಕೆ ಕಳುಹಿಸಿದ ಆಜ್ಞೆಯನ್ನು ಎಲ್ಲ ಉಪಕರಣಗಳೂ ಕೇಳುತ್ತವೆ, ಯಾವುದೂ ಉತ್ತರಿಸದು. ಅಲ್ಲಿ ಮೌನವೇ ನಿಯಮ.

ಸರಿಯಾದ ಉತ್ತರವನ್ನು ಓದುವುದು ಸುಲಭ. ನಿರಾಕರಣೆಯನ್ನು ನಿರಾಕರಣೆಯೆಂದೂ ಮೌನವನ್ನು ಮೌನವೆಂದೂ ಅರಿತು ನಡೆಯುವ ಡ್ರೈವರೇ ನಂಬಿಕೆಗೆ ಅರ್ಹವಾದುದು.