ಮಂಡ್ಯ ಮುಟ್ಟುವ ಆನೆಸಾಲು

ಮೈಸೂರಿನವರಿಗೆ ಭಾರ ಎಂದರೆ ಮೊದಲು ನೆನಪಾಗುವುದು ಚಿನ್ನದ ಅಂಬಾರಿ: 750 ಕಿಲೊ. ಅದನ್ನು ಹೊರುವ ಆನೆ ಸುಮಾರು ಐದು ಟನ್. ಈ ಅಳತೆಗೋಲನ್ನೇ ಹಿಡಿದು ಉತ್ತರ ಕನ್ನಡದ ಕುಮಟಾ ತಾಲ್ಲೂಕಿಗೆ, ಅಘನಾಶಿನಿ ಅಳಿವೆಗೆ ಬನ್ನಿ.

ಇಳಿತದ ಹೊತ್ತಿಗೆ ಅಲ್ಲಿ ಜನ ನೀರಿಗಿಳಿಯುತ್ತಾರೆ. ಕಾಲಲ್ಲಿ ತಡಕಿ, ಕೈಯಲ್ಲಿ ಬಾಚಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಒಂದು ಬಳಚು ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದಷ್ಟು ಹಗುರ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕ ಹಾಕಿದಾಗ ಇಲ್ಲಿನ ವರ್ಷದ ಫಸಲು ಸುಮಾರು 22,000 ಟನ್ ಎಂದು ಕಂಡುಬಂತು. ಎಂದರೆ 4,400 ಆನೆಗಳ ತೂಕ! ಹತ್ತು ಮೀಟರಿಗೊಂದರಂತೆ ಅವನ್ನು ಜಂಬೂಸವಾರಿಗೆ ಹೊರಡಿಸಿದರೆ, ಮೊದಲ ಆನೆ ಮಂಡ್ಯದ ಹತ್ತಿರ ಬಂದಾಗ ಕೊನೆಯದು ಇನ್ನೂ ಅರಮನೆಯ ಬಾಗಿಲಲ್ಲೇ ನಿಂತಿರುತ್ತದೆ.

ಇಷ್ಟನ್ನೂ ಮೇಲೆತ್ತಿದವರು ಸುಮಾರು 2,350 ಜನ. ಅವರಲ್ಲಿ 600ಕ್ಕೂ ಹೆಚ್ಚು ಮಹಿಳೆಯರು. ತಲೆಗೆ ವರ್ಷಕ್ಕೆ ಒಂಬತ್ತು ಟನ್ನಿಗೂ ಮಿಕ್ಕಿ, ಹತ್ತಿರ ಹತ್ತಿರ ಎರಡು ಆನೆ! ಈ ಬೆಳೆಗೆ ಬಿತ್ತನೆಯಿಲ್ಲ, ಮೇವಿಲ್ಲ. ಆ ಅಧ್ಯಯನದ ಹೊತ್ತಿನ ಲೆಕ್ಕದಲ್ಲಿ ಇದರ ಒಟ್ಟು ಬೆಲೆ ಸುಮಾರು 5.8 ಕೋಟಿ ರೂಪಾಯಿ. ಕಿಲೊಗೆ ಮೂರು ರೂಪಾಯಿಯೂ ಬೀಳುತ್ತಿರಲಿಲ್ಲ. ಅಷ್ಟು ಅಗ್ಗದ ಪೌಷ್ಟಿಕ ಆಹಾರ ಇನ್ನೆಲ್ಲಿತ್ತು?

ಅಳಿವೆಯ ನಡುವೆ ಐಗಳಕುರ್ವೆ, ಮಾಸೂರುಕುರ್ವೆಗಳಿವೆ. ಕುರ್ವೆ ಎಂದರೆ ನದಿಯೊಳಗಿನ ದ್ವೀಪ. ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಸಿಗಡಿ, ಮೀನು. ಮೀನು, ಬಳಚು, ಏಡಿ, ಗಜನಿ, ಉಪ್ಪು ಎಲ್ಲ ಸೇರಿ ಈ ಅಳಿವೆ ಸಾಕುವುದು 6,000ದಿಂದ 7,500 ಕುಟುಂಬಗಳನ್ನು. ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಎಂದರೆ ರಾಮ್ಸಾರ್ ತಾಣವೆಂದು, 2024ರ ಜನವರಿಯಲ್ಲಿ ಪ್ರಕಟವಾಯಿತು. ವಿಸ್ತೀರ್ಣ 4,801 ಹೆಕ್ಟೇರ್: ನಮ್ಮ ರಂಗನತಿಟ್ಟಿನಂಥ ಒಂಬತ್ತು ರಾಮ್ಸಾರ್ ತಾಣಗಳು ಇದರೊಳಗೆ ಹಿಡಿಸುತ್ತವೆ. ಇಲ್ಲಿ ಎಣಿಕೆಗೆ ಸಿಕ್ಕ ನೀರುಹಕ್ಕಿಗಳೇ 43,000ಕ್ಕೂ ಹೆಚ್ಚು.

ಆದರೆ ಈ ಎಲ್ಲ ಅಂಕಿಗಳನ್ನು ಹೊತ್ತು ನಿಂತಿರುವುದು ಒಂದು ಸೊನ್ನೆ. ಸುಮಾರು 120 ಕಿಲೊಮೀಟರ್ ಹರಿಯುವ ಅಘನಾಶಿನಿಗೆ ಅಡ್ಡಲಾಗಿ ಇರುವ ದೊಡ್ಡ ಅಣೆಕಟ್ಟುಗಳ ಸಂಖ್ಯೆ ಅದು. ಕನ್ನಂಬಾಡಿ ಕಟ್ಟೆಯಲ್ಲಿ ನೀರು 124.80 ಅಡಿ ಮುಟ್ಟಿತೆಂದರೆ ಸಂಭ್ರಮಿಸುವ ಊರು ನಮ್ಮದು. ಆ ಕಟ್ಟೆಯ ಋಣದಲ್ಲೇ ಬದುಕಿದ್ದೇವೆ. ಆದ್ದರಿಂದಲೇ ತಡೆಯಿಲ್ಲದ ನದಿಯ ಸಂಪತ್ತು ನಮ್ಮ ಕಣ್ಣಿಗೆ ಬೀಳುವುದು ಕಷ್ಟ. ಮಳೆಗಾಲದ ಸಿಹಿನೀರು ಕಾಡಿನ ಸಾರವನ್ನು ಹೊತ್ತು ಇಳಿಯುತ್ತದೆ, ಬೇಸಿಗೆಯಲ್ಲಿ ಕಡಲ ಉಪ್ಪು ಮೇಲೇರುತ್ತದೆ. ಆ ಹದದಲ್ಲಿ ಬಳಚು ಬೆಳೆಯುತ್ತದೆ. ಹದ ಕೆಟ್ಟರೆ ಬಳಚಿಲ್ಲ.

ಈ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವವಿತ್ತು. ಜನ ವಿರೋಧಿಸಿದರು, ಅದನ್ನು ಕೈಬಿಡಲಾಯಿತು. ನೀರನ್ನು ಬಯಲುಸೀಮೆಗೆ ತಿರುಗಿಸುವ ಮಾತು ಮಾತ್ರ ಇನ್ನೂ ನಿಂತಿಲ್ಲ. ಅದಕ್ಕೆ ಕೊಡುವ ಒಂದು ಕಾರಣ: ನೀರು ಸುಮ್ಮನೆ ಸಮುದ್ರದ ಪಾಲಾಗುತ್ತಿದೆ.

ಸುಮ್ಮನೆ ಅಲ್ಲ. ಸಮುದ್ರದ ಪಾಲಾಗುವ ಮುನ್ನ ಆ ನೀರು ಒಂದೇ ವರ್ಷದಲ್ಲಿ 4,400 ಆನೆಗಳ ತೂಕದ ಬಳಚನ್ನು ಬಡವರ ಬುಟ್ಟಿಗೆ ಹಾಕಿ ಹೋದದ್ದುಂಟು.