ಊರಿನ ತೋಟಕ್ಕೆ ಹುಲ್ಲು ಕೊಯ್ಯುವ ಯಂತ್ರ

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ಊರಿನಲ್ಲಿ ತೋಟವನ್ನೋ ಬೇಣವನ್ನೋ ಬಿಟ್ಟು ಬಂದವರು. ಮಳೆಗಾಲ ಮುಗಿಯುವ ಹೊತ್ತಿಗೆ ಊರಿನಿಂದ ಬರುವ ಮಾತು ಹೆಚ್ಚಾಗಿ ಒಂದೇ: ತೋಟದಲ್ಲಿ ಹುಲ್ಲು ಎದೆಯೆತ್ತರ ಬೆಳೆದಿದೆ, ಕೊಯ್ಯಲು ಆಳು ಸಿಕ್ಕುವುದಿಲ್ಲ, ಒಂದು ಯಂತ್ರ ಕೊಂಡರೆ ಹೇಗೆ? ಹಣ ಕೊಡುವವರು ಇಲ್ಲಿರುತ್ತಾರೆ, ಯಂತ್ರ ಹಿಡಿಯುವವರು ಅಲ್ಲಿರುತ್ತಾರೆ. ಅಂಗಡಿಯವನು ತೋರಿಸಿದ್ದನ್ನು ಕೊಂಡು ಕಳುಹಿಸಿದರೆ, ಅದು ನೆಲಕ್ಕೂ ಹೊಂದದೆ, ಹಿಡಿಯುವ ಕೈಗೂ ಹೊಂದದೆ ಕೊಟ್ಟಿಗೆಯ ಮೂಲೆ ಸೇರುವುದುಂಟು. ಹಾಗಾಗದಂತೆ, ಕೊಳ್ಳುವ ಮೊದಲು ತಿಳಿದಿರತಕ್ಕ ಸಂಗತಿಗಳನ್ನು ಇಲ್ಲಿ ಕೊಟ್ಟಿದೆ.

ಮೊದಲು ನೆಲವನ್ನು ನೋಡಿರಿ

ಹುಲ್ಲು ಕೊಯ್ಯುವ ಯಂತ್ರದ ಮೂಲ ಬಟ್ಟೆಗಿರಣಿಯಲ್ಲಿದೆ ಎಂದರೆ ಗಿರಣಿಯಲ್ಲಿ ದುಡಿದವರಿಗೆ ಸಂತೋಷವಾದೀತು. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಕಡೆಯ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆಬಟ್ಟೆಯ ಮೇಲಿನ ನವಿರನ್ನು ಕತ್ತರಿಸುವ ಯಂತ್ರದಿಂದ ಹೊಳಹು ಪಡೆದು ೧೮೩೦ರಲ್ಲಿ ಮೊದಲ ಹುಲ್ಲುಯಂತ್ರವನ್ನು ಮಾಡಿದನು. ಅದು ಸಮನಾದ ಹುಲ್ಲುಹಾಸಿಗಾಗಿ ಮಾಡಿದ್ದು. ಚಕ್ರದ ಮೇಲೆ ತಳ್ಳುವ ಸಣ್ಣ ಯಂತ್ರಗಳು ಇಂದಿಗೂ ಅಂಥ ನೆಲಕ್ಕೇ ತಕ್ಕುವು. ಕಲ್ಲು, ಗುಂಡಿ, ಬಸಿಗಾಲುವೆ ಇರುವಲ್ಲಿ ಅವು ಸಾಗಲಾರವು.

ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ತೋಟಗಳಲ್ಲಿ ಮರದಿಂದ ಮರಕ್ಕೆ ಸುಮಾರು ೨೫ ಅಡಿ ಅಂತರವಿರುತ್ತದೆ, ನೆಲವೂ ಬಹುಮಟ್ಟಿಗೆ ಸಮ. ಅಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಹುಲ್ಲು ಕೊಚ್ಚುವ ಯಂತ್ರ ಚೆನ್ನಾಗಿ ನಡೆಯುತ್ತದೆ. ವರ್ಷಕ್ಕೆ ಕೆಲವೇ ದಿನದ ಕೆಲಸಕ್ಕೆ ಅದನ್ನು ಸ್ವಂತ ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ಶಿರಸಿ, ಸಾಗರ, ಪುತ್ತೂರುಗಳ ಅಡಿಕೆ ತೋಟದ ರೀತಿ ಬೇರೆ. ಅಲ್ಲಿ ಮರಗಳ ನಡುವೆ ಸುಮಾರು ೯ ಅಡಿ ಮಾತ್ರ; ನಡುವೆ ಕಾಲುವೆ, ಕೆಲವೆಡೆ ಇಳಿಜಾರು. ದೊಡ್ಡ ಟ್ರ್ಯಾಕ್ಟರು ಅಲ್ಲಿ ತಿರುಗುವಂತಿಲ್ಲ, ಇಳಿಜಾರಿನಲ್ಲಿ ಮಗುಚುವ ಭಯವೂ ಉಂಟು. ಇಂಥ ಕಡೆ ಹೆಗಲಿಗೆ ತೂಗುಹಾಕಿಕೊಂಡು ಬೀಸುವ ಪೆಟ್ರೋಲ್ ಯಂತ್ರವೇ ಸರಿ.

ಹುಲ್ಲು ದನಕ್ಕೆ ಬೇಕೋ ಎಂಬುದನ್ನೂ ಕೇಳಿಕೊಳ್ಳಬೇಕು. ಟ್ರ್ಯಾಕ್ಟರಿನ ಯಂತ್ರವಾಗಲಿ ನೈಲಾನ್ ಹುರಿಯಾಗಲಿ ಹುಲ್ಲನ್ನು ಚೂರುಚೂರು ಮಾಡಿ ಮಣ್ಣಿಗೆ ಬೆರೆಸುತ್ತದೆ. ಅದು ಮರದ ಬುಡಕ್ಕೆ ಹೊದಿಕೆಯಾದೀತೇ ಹೊರತು ಮೇವಾಗದು. ಮೇವಿಗೆ ಲೋಹದ ಅಲಗಿನಿಂದಲೇ ಕೊಯ್ಯಬೇಕು.

ಆಮೇಲೆ ಹಿಡಿಯುವ ಕೈ

ಯಂತ್ರ ಬಂದರೆ ಆಳು ಬೇಡ ಎಂದು ತಿಳಿಯಬಾರದು. ಒಂದು ಲೆಕ್ಕ ಹಾಕಿ ನೋಡಿರಿ. ಊರಿನಲ್ಲಿ ಯಾರದಾದರೂ ಯಂತ್ರವನ್ನು ಒಂದು ದಿನದ ಬಾಡಿಗೆಗೆ ತಂದು, ಒಂದು ಗಂಟೆಯಲ್ಲಿ ಎಷ್ಟು ಗುಂಟೆ ಆಗುತ್ತದೆ ಎಂದು ಅಳೆಯಲು ಮನೆಯವರಿಗೆ ಬರೆಯಿರಿ. ಗುಂಟೆ ಎಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲ. ೪೦ ಗುಂಟೆಗೆ ಒಂದು ಎಕರೆ. ಗಂಟೆಗೆ ೪ ಗುಂಟೆ ಆಯಿತೆನ್ನೋಣ. ಆಗ ಎಕರೆಗೆ ೧೦ ಗಂಟೆ, ೫ ಎಕರೆಗೆ ೫೦ ಗಂಟೆ. ವರ್ಷಕ್ಕೆ ಎರಡು ಸಲ ಕೊಯ್ದರೆ ೧೦೦ ಗಂಟೆ. ಯಂತ್ರದ ನಡುಕಕ್ಕೆ ಕೈ ಜೋಮು ಹಿಡಿಯುವುದರಿಂದ, ನಡುನಡುವೆ ವಿಶ್ರಾಂತಿ ತೆಗೆದುಕೊಂಡು ದಿನಕ್ಕೆ ೪ ಗಂಟೆ ದುಡಿದರೆ ಸಾಕು. ಅಲ್ಲಿಗೆ ೨೫ ದಿನವಾಯಿತು. ಅರವತ್ತು ದಾಟಿದ ತಂದೆಯವರು ಈ ೨೫ ದಿನ ಯಂತ್ರ ಹೊರಬಲ್ಲರೆ? ಆಗದಿದ್ದರೆ, ಆ ಹಣದಲ್ಲಿ ಯಂತ್ರಸಹಿತ ಬರುವ ಆಳಿಗೆ ಕೂಲಿ ಕೊಡುವುದೇ ವಿವೇಕ.

ಕೊಳ್ಳುವುದೆಂದು ನಿಶ್ಚಯವಾದರೆ ಎಂಜಿನ್ನಿನಲ್ಲಿ ಎರಡು ಬಗೆ. ಟೂ ಸ್ಟ್ರೋಕ್ ಹಗುರ, ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಪ್ರಮಾಣವನ್ನು ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತಾರೆ: ೫೦ಕ್ಕೆ ೧ ಎಂದಿದ್ದರೆ ಲೀಟರಿಗೆ ೨೦ ಮಿಲಿಲೀಟರ್, ೨೫ಕ್ಕೆ ೧ ಎಂದಿದ್ದರೆ ೪೦. ಎಣ್ಣೆ ಮರೆತರೆ ಪಿಸ್ಟನ್ ಹಿಡಿದು ಎಂಜಿನ್ ಹಾಳಾಗುತ್ತದೆ. ಫೋರ್ ಸ್ಟ್ರೋಕಿಗೆ ಬೆರೆಸುವ ಗೊಡವೆ ಇಲ್ಲ, ಎಣ್ಣೆ ಬೇರೆ ಕಡೆ ಇರುತ್ತದೆ. ಆದರೆ ಅದರ ಮಟ್ಟವನ್ನು ನೋಡುತ್ತಿರಬೇಕು, ಕಾಲಕಾಲಕ್ಕೆ ಬದಲಾಯಿಸಬೇಕು. ಯಂತ್ರ ನಾಲ್ಕಾರು ಕೈ ಬದಲಾಗುವ ಮನೆಯಲ್ಲಿ ಎಣ್ಣೆ ಬೆರೆಸಲು ಮರೆಯುವ ಸಂಭವ ಹೆಚ್ಚು ಎಂಬುದನ್ನು ನೆನಪಿಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತಿರದ ಪೇಟೆಯಲ್ಲಿ ಬಿಡಿಭಾಗ ಸಿಕ್ಕುವ ಯಂತ್ರವನ್ನೇ ಕೊಳ್ಳಿರಿ. ನಗರದಲ್ಲಿ ಅಗ್ಗವಾಗಿ ಸಿಕ್ಕಿದ್ದು ಊರಿನಲ್ಲಿ ಕೆಟ್ಟರೆ ಕೇಳುವವರಿರುವುದಿಲ್ಲ.

ಜೋಡಿಸುವ ಕ್ರಮ

ಅಲಗು ಜೋಡಿಸುವಾಗ ಎಂಜಿನ್ ನಿಂತಿರಬೇಕು, ಪ್ಲಗ್ಗಿನ ತಂತಿ ತೆಗೆದಿರಬೇಕು. ಹೆಚ್ಚಿನ ಯಂತ್ರಗಳಲ್ಲಿ ಅಲಗಿನ ನಟ್ಟು ಸಾಮಾನ್ಯ ನಟ್ಟಿಗೆ ವಿರುದ್ಧ ದಿಕ್ಕಿನಲ್ಲಿ ಬಿಗಿಯಾಗುತ್ತದೆ. ಇದನ್ನರಿಯದೆ ಬಲ ಹಾಕಿ ಮರೆ ಕೆಡಿಸಿಕೊಳ್ಳುವವರುಂಟು. ಹೆಗಲಪಟ್ಟಿಯ ಕೊಕ್ಕೆ ಬಲಸೊಂಟಕ್ಕಿಂತ ನಾಲ್ಕು ಬೆರಳು ಕೆಳಗೆ ಬರುವಂತೆ ಬಿಗಿದು, ಕೈಬಿಟ್ಟಾಗ ಅಲಗು ನೆಲಕ್ಕೆ ಸೋಕಿಸೋಕದಂತೆ ತೂಗಬೇಕು. ಹಾಗೆ ತೂಗಿದರೆ ಭಾರ ಕೈಗೆ ಬೀಳದೆ ಹೆಗಲಿಗೆ ಬೀಳುತ್ತದೆ.

ಅಲಗು ಸಾಮಾನ್ಯವಾಗಿ ಎಡಕ್ಕೆ ಸುತ್ತುತ್ತದೆ. ಆದುದರಿಂದ ಬಲದಿಂದ ಎಡಕ್ಕೆ ಬೀಸಿ, ಅಲಗಿನ ಎಡಭಾಗದಿಂದ ಕೊಯ್ಯಬೇಕು. ಮುಂದಿನ ಬಲಅಂಚು ಕಲ್ಲಿಗೋ ಬೊಡ್ಡೆಗೋ ತಾಗಿದರೆ ಯಂತ್ರ ಥಟ್ಟನೆ ಚಿಮ್ಮಿ ಹಿಡಿದವನನ್ನೇ ಎಳೆದಾಡುತ್ತದೆ. ಮೆದುಹುಲ್ಲಿಗೆ ನೈಲಾನ್ ಹುರಿ, ಗಡಸು ಕಳೆಗೆ ಲೋಹದ ಅಲಗು. ಹುರಿ ಮುಗಿಯಿತೆಂದು ತಂತಿ ಕಟ್ಟುವುದು ಮಹಾ ಅಪಾಯ. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ. ಎಳೆಯ ಅಡಿಕೆ ಗಿಡದ ಬುಡವನ್ನು ಹುರಿಯೂ ಸುಲಿಯುತ್ತದೆ, ಆದಕಾರಣ ಗಿಡದ ಸುತ್ತ ಒಂದೆರಡು ಅಡಿ ಕುಡುಗೋಲಿನಿಂದಲೇ ಕೊಯ್ಯುವುದು ಒಳ್ಳೆಯದು.

ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು, ಕಿವಿಗೆ ಮುಚ್ಚಿಗೆ ಇಲ್ಲದೆ ಯಂತ್ರ ಮುಟ್ಟಕೂಡದು. ಸುತ್ತ ೫೦ ಅಡಿಯೊಳಗೆ ಮಕ್ಕಳಾಗಲಿ ದನವಾಗಲಿ ಇರಕೂಡದು. ಅಲಗಿನ ಮೇಲಿನ ತಡೆಯನ್ನು ‘ಅಡ್ಡವಾಗುತ್ತದೆ’ ಎಂದು ಕಳಚುವ ರೂಢಿಯನ್ನು ಬಿಡಿಸಬೇಕು. ಬೀಸುಗಲ್ಲು ತಾಗಿ ಕಳೆದುಹೋದ ಕಣ್ಣು ಯಾವ ಬೆಲೆಗೂ ಮರಳಿ ಬಾರದು. ಕೂಲಿಗೆ ಬಂದವನ ಕಣ್ಣಿಗೂ ಈ ಮಾತು ಸಲ್ಲುತ್ತದೆ. ಅವನ ಕನ್ನಡಕದ ಖರ್ಚು ನಿಮ್ಮದು.

ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ತೊಳೆದು ಒಣಗಿಸಿ, ತಲೆಯ ಗೇರ್ ಪೆಟ್ಟಿಗೆಗೆ ಗ್ರೀಸ್ ಹಾಕಿಸಿರಿ. ತಿಂಗಳುಗಟ್ಟಲೆ ಇಡುವುದಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ ಇಡಬೇಕು.

ಕಡೆಯದಾಗಿ ಒಂದು ಸೂಚನೆ. ಕರ್ನಾಟಕದಲ್ಲಿ ಕೃಷಿಯಂತ್ರಗಳಿಗೆ ಸರ್ಕಾರದ ಸಹಾಯಧನದ ಯೋಜನೆಗಳುಂಟು, ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಉಂಟು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ, ಆಮೇಲೆ ಕೊಳ್ಳುವುದು ಕ್ಷೇಮ. ಪಹಣಿ ಯಾರ ಹೆಸರಿನಲ್ಲಿದೆ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಆ ಕಾಗದಗಳನ್ನೂ ಒಮ್ಮೆ ನೋಡಿ ಬನ್ನಿರಿ.